ತತ್ತ್ವವಂತನೋ, ಕೆಲಸಗಾರನೋ?



ಚುನಾವಣೆಯ ಮಾತು ಎದ್ದಾಗಲೆಲ್ಲ ಸಂಘದ ಕಚೇರಿಯಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ. ರಾತ್ರಿ ಹೊಟೇಲಿನ ಬಾಗಿಲೆಳೆದು ಬಂದ ಸಪ್ಲಾಯರನೂ ಕೇಳುತ್ತಾನೆ, ಗಿರಣಿಯಲ್ಲಿ ಆಯುಷ್ಯ ಸವೆಸಿದ ಹಿರಿಯರೂ ಕೇಳುತ್ತಾರೆ. "ಒಬ್ಬ ಉಮೇದುವಾರ ಪ್ರಾಮಾಣಿಕ, ತತ್ತ್ವ ಬಿಡುವವನಲ್ಲ; ಆದರೆ ಅವನ ಕೈಯಿಂದ ಏನೂ ಆಗುವುದಿಲ್ಲ. ಇನ್ನೊಬ್ಬನಿಗೆ ತತ್ತ್ವ ಗಿತ್ತ್ವ ಇಲ್ಲ. ಆದರೆ ಹಿಡಿದ ಕೆಲಸ ಮಾಡಿಸಿಯೇ ಬಿಡುತ್ತಾನೆ. ನಾವು ಯಾರಿಗೆ ವೋಟು ಹಾಕಬೇಕು?"

ಈ ಪತ್ರಿಕೆ ಯಾವ ಪಕ್ಷದ ಬಾಲವೂ ಅಲ್ಲ. ಇಂಥವನಿಗೇ ಹಾಕಿರೆಂದು ಹೆಸರು ಹೇಳುವುದು ನಮ್ಮ ಪದ್ಧತಿಯಲ್ಲ. ಆದರೆ ತೂಗುವ ಬಗೆ ಹೇಗೆಂಬುದನ್ನು ನಾವು ನಾವೇ ಕೂತು ಮಾತಾಡಿಕೊಳ್ಳದಿದ್ದರೆ, ನಮ್ಮ ಪರವಾಗಿ ಬೇರೆಯವರು ತೂಗುತ್ತಾರೆ. ತಕ್ಕಡಿಯೂ ಅವರದೇ, ಬಟ್ಟೂ ಅವರದೇ ಆಗಿರುತ್ತದೆ.

ಮೊದಲು ಸ್ವಂತ ಅನುಭವದ ಎರಡು ಮಾತು. ಇದನ್ನು ಬರೆಯುವವನು ಏಳನೆಯ ತರಗತಿ ಮುಗಿಸಿ ಊರು ಬಿಟ್ಟು ಬಂದು, ಈ ಶಹರದ ಒಂದು ಹೊಟೇಲಿನ ಮೋರಿಯಲ್ಲಿ ಕಪ್ಪು ಬಶಿ ತೊಳೆದವನು. ಆ ವಾರ್ಡಿನಲ್ಲಿ ಆಗ ಒಬ್ಬ ಮುಖಂಡನಿದ್ದ. ನಮ್ಮ ಹುಡುಗರಿಬ್ಬರನ್ನು ನಡುರಾತ್ರಿ ಪೋಲೀಸರು ಹಿಡಿದೊಯ್ದಾಗ ಒಂದೇ ಫೋನಿನಲ್ಲಿ ಬಿಡಿಸಿ ತಂದ. ನನಗೆ ರೇಶನ್ ಕಾರ್ಡು ಮಾಡಿಸಿಕೊಟ್ಟವನೂ ಅವನೇ. ನಮ್ಮ ಪಾಲಿಗೆ ಅವನು ದೇವರಾಗಿದ್ದ. ಆರೇಳು ವರ್ಷಗಳ ನಂತರ ಹೊಟೇಲು ದುರಸ್ತಿಗೆಂದು ಮುಚ್ಚಿತು. ಹದಿನಾರು ಮಂದಿ ಬೀದಿಗೆ ಬಿದ್ದೆವು. ಗ್ರಾಚ್ಯುಯಿಟಿ ಕೇಳಲು ಹೋದರೆ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು! 1972ರ ಗ್ರಾಚ್ಯುಯಿಟಿ ಕಾಯಿದೆ ಹತ್ತು ಮಂದಿ ದುಡಿಯುವಲ್ಲಿಗೆ ಅನ್ವಯವಾಗುತ್ತಿತ್ತು. ಒಂಬತ್ತು ಮಂದಿಗೆ ಅದು ಇರಲಿಲ್ಲ. ನಮ್ಮ ದೇವರ ಬಳಿಗೆ ಓಡಿದೆವು. ಆತ ಧಣಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ತಲೆಗೆ ಇಷ್ಟೆಂದು ಸ್ವಲ್ಪ ಹಣ ಕೊಡಿಸಿ, ಇನ್ನೇನೂ ಬಾಕಿಯಿಲ್ಲವೆಂಬ ಕಾಗದಕ್ಕೆ ಹನ್ನೊಂದು ಮಂದಿಯ ಸಹಿ ಹಾಕಿಸಿದ. ಅಂದೂ ಅವನು ಕೆಲಸ ಮಾಡಿಸಿದ, ಬಲು ಬೇಗ ಮಾಡಿಸಿದ. ಆ ಕೆಲಸ ಮಾತ್ರ ನಮ್ಮದಾಗಿರಲಿಲ್ಲ.

ಸಹಿ ಹಾಕದೆ ಉಳಿದ ನಾವು ಐದು ಮಂದಿ ಇನ್ನೊಬ್ಬ ಹಿರಿಯರ ಬಳಿಗೆ ಹೋದೆವು. ಮೇ ಒಂದನೆಯ ತಾರೀಖಿನ ಅವರ ಭಾಷಣ ಕೇಳಿದರೆ ಮೈ ನವಿರೇಳುತ್ತಿತ್ತು. ಯಾರದೂ ಒಂದು ಪೈಸೆ ಮುಟ್ಟಿದವರಲ್ಲ. ನಮ್ಮನ್ನು ಪ್ರೀತಿಯಿಂದ ಕೂರಿಸಿ ಬಂಡವಾಳಶಾಹಿಯ ವಿಷಯವಾಗಿ ಒಂದು ಗಂಟೆ ಹೇಳಿದರು. ಲೇಬರ್ ಆಫೀಸಿನಲ್ಲಿ ಯಾವ ಫಾರಮು ತುಂಬಬೇಕು, ಹಾಜರಿ ಪುಸ್ತಕ ಸುಳ್ಳೆಂದು ಯಾವ ಸಾಕ್ಷಿಯಿಂದ ತೋರಿಸಬೇಕು ಎಂದು ಕೇಳಿದರೆ ಅವರಿಗೆ ತಿಳಿಯದು. ತಿಳಿದವರನ್ನು ಹುಡುಕಿ ಕೊಡಲೂ ಇಲ್ಲ. ತಾರೀಖು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ನಾಲ್ವರು ಬೇಸತ್ತು ಊರ ಬಸ್ಸು ಹತ್ತಿದರು. ಉಳಿದವನು ಈಗ ಈ ಮೇಜಿನ ಮುಂದೆ ಕೂತು ಬರೆಯುತ್ತಿದ್ದಾನೆ.

ಹೀಗಿರುವಾಗ ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಎತ್ತಿಕೊಂಡದ್ದಲ್ಲ.

ನಮ್ಮ ಹಿರಿಯರಿಗೂ ಇದೇ ಪ್ರಶ್ನೆ ಎದುರಾಗಿತ್ತು. 1967ರಲ್ಲಿ ದಕ್ಷಿಣ ಮುಂಬಯಿಯ ಲೋಕಸಭಾ ಸ್ಥಾನಕ್ಕೆ ಎಸ್. ಕೆ. ಪಾಟೀಲರೂ ಜಾರ್ಜ್ ಫರ್ನಾಂಡಿಸರೂ ಎದುರೆದುರು ನಿಂತರು. ಇಂದಿನ ಹುಡುಗರು ಆ ಕಥೆಯನ್ನು ಸರಿಯಾಗಿ ತಿಳಿಯಬೇಕು.

ಪಾಟೀಲರು ಸಣ್ಣ ಮನುಷ್ಯರಲ್ಲ. ಸ್ವಾತಂತ್ರ್ಯದ ಹೋರಾಟದಲ್ಲಿ ಜೈಲು ಕಂಡವರು. ಮೂರು ಸಲ ಮುಂಬಯಿಯ ಮೇಯರರಾದವರು. ದಿಲ್ಲಿಯಲ್ಲಿ ಆಹಾರ ಮಂತ್ರಿಯಾಗಿ, ರೈಲ್ವೆ ಮಂತ್ರಿಯಾಗಿ ಕೂತವರು. 1960ರಲ್ಲಿ ಅಮೆರಿಕದಿಂದ ಗೋಧಿ ತರಿಸುವ ದೊಡ್ಡ ಒಪ್ಪಂದಕ್ಕೆ ನಮ್ಮ ದೇಶದ ಪರವಾಗಿ ಸಹಿ ಹಾಕಿದವರೂ ಅವರೇ. ಶಹರದ ಕಾಂಗ್ರೆಸ್ಸು ಅವರ ಮುಷ್ಟಿಯಲ್ಲಿತ್ತು. ಕೆಲಸ ಆಗಬೇಕಾದರೆ ಪಾಟೀಲರೇ ಎಂಬುದು ಅಂದಿನ ಮಾತು.

ಜಾರ್ಜರು 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಪಾದ್ರಿಯಾಗಲೆಂದು ಕಳಿಸಿದ್ದ ಬೆಂಗಳೂರಿನ ಸೆಮಿನರಿಯನ್ನು ಬಿಟ್ಟುಬಂದು, ಮಂಗಳೂರಿನಲ್ಲಿ ಹೊಟೇಲು ಕಾರ್ಮಿಕರನ್ನು, ಮೋಟಾರು ಸಾರಿಗೆಯ ಕಾರ್ಮಿಕರನ್ನು ಒಗ್ಗೂಡಿಸಿದರು. ಬಳಿಕ ಕೈಯಲ್ಲಿ ಕಾಸಿಲ್ಲದೆ ಮುಂಬಯಿಗೆ ಬಂದು ಚೌಪಾಟಿಯಲ್ಲಿ ಮಲಗಿ ದಿನ ಕಳೆದರು. ಗೋದಿ ಕಾರ್ಮಿಕರ ಮುಖಂಡ ಪಿ. ಡಿ'ಮೆಲ್ಲೋ ಅವರ ಜೊತೆಯಲ್ಲಿ ಕೆಲಸ ಕಲಿತು, ಮುಂದೆ ಮುನಿಸಿಪಾಲಿಟಿಯ ಕಾರ್ಮಿಕರನ್ನೂ ಟ್ಯಾಕ್ಸಿಯವರನ್ನೂ ಸಂಘಟಿಸಿದರು. 1961ರಲ್ಲಿ ಮುಂಬಯಿ ಕಾರ್ಪೊರೇಶನ್ನಿಗೆ ಆರಿಸಿ ಬಂದರು. ಇಂಥವರು ಪಾಟೀಲರ ಎದುರು ನಿಂತಾಗ ನಕ್ಕವರೇ ಹೆಚ್ಚು. ಪಾಟೀಲರನ್ನು ಸೋಲಿಸಬಹುದು ಎಂಬ ಒಂದೇ ಮಾತನ್ನು ಹಿಡಿದು ಅವರ ಕಡೆಯವರು ಬೀದಿ ಬೀದಿ ಸುತ್ತಿದರು. ಎಣಿಕೆಯಾದಾಗ ಜಾರ್ಜರಿಗೆ ಶೇಕಡಾ 48.5ರಷ್ಟು ಮತ ಬಿದ್ದಿತ್ತು. ದಿಲ್ಲಿಯ ಮಂತ್ರಿ ಸೋತಿದ್ದರು.

ಇದನ್ನು ಹೇಳುವಾಗ ಕೆಲವರು, "ಅಂದು ತತ್ತ್ವ ಗೆದ್ದಿತು, ಅಧಿಕಾರ ಸೋತಿತು" ಎಂದು ಹಾಡಿ ಹೊಗಳುತ್ತಾರೆ. ನಮಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ತತ್ತ್ವ ಪಾಟೀಲರಿಗೂ ಇತ್ತು. ಮುಂಬಯಿ ಮಹಾರಾಷ್ಟ್ರಕ್ಕೆ ಸೇರುವುದನ್ನು ಅವರು ಬಹಿರಂಗವಾಗಿಯೇ ವಿರೋಧಿಸಿದ್ದರು. ಜನ ಅದನ್ನು ಒಪ್ಪಲಿಲ್ಲ, ಮರೆಯಲೂ ಇಲ್ಲ. ಇತ್ತ ಜಾರ್ಜರು ಬರಿಯ ತತ್ತ್ವ ಹಿಡಿದು ಬಂದವರಲ್ಲ. ಹದಿನೈದು ವರ್ಷಗಳ ಕೆಲಸ ಅವರ ಬೆನ್ನಿಗಿತ್ತು. ಗೇಟಿನ ಸಭೆ, ಮುಷ್ಕರ, ಮಾತುಕತೆ, ಒಪ್ಪಂದ, ಕಾರ್ಪೊರೇಶನ್ನಿನ ಚರ್ಚೆ ಎಲ್ಲವನ್ನೂ ಜನ ಕಣ್ಣಾರೆ ಕಂಡಿದ್ದರು. ಕೆಲಸದ ಶಕ್ತಿ ಎರಡೂ ಕಡೆ ಇತ್ತು. ಒಂದು ಕಡೆಯ ಶಕ್ತಿ ಮೇಲಿನವರ ಕಡೆಗೆ ಹರಿಯುತ್ತದೆ, ಇನ್ನೊಂದು ಕಡೆಯದು ನಮ್ಮ ಕಡೆಗೆ ಹರಿಯುತ್ತದೆ ಎಂದು ಮತದಾರನಿಗೆ ಅನ್ನಿಸಿತು. ಅದರ ಮೇಲೆ ತೀರ್ಪು ಕೊಟ್ಟ. ಇದು ನಮ್ಮ ತಿಳಿವಳಿಕೆ.

ಕಥೆ ಅಲ್ಲಿಗೆ ಮುಗಿದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಅದೇ ಜಾರ್ಜರು 1971ರಲ್ಲಿ ಅದೇ ಸ್ಥಾನದಲ್ಲಿ ಸೋತರು. 1974ರ ಮೇ ತಿಂಗಳಲ್ಲಿ ರೈಲ್ವೆ ಕಾರ್ಮಿಕರ ಮಹಾ ಮುಷ್ಕರ ನಡೆಸಿದರು. ಇಪ್ಪತ್ತು ದಿನಗಳಲ್ಲಿ ಸರಕಾರ ಅದನ್ನು ಮುರಿಯಿತು, ಸಾವಿರಾರು ಮಂದಿ ಜೈಲು ಸೇರಿದರು. ಸೋತರೆಂದು ಎಲ್ಲರೂ ಬರೆದರು. ಆದರೆ ಅಂದು ಕೇಳಿದ ಬೋನಸ್ಸು 1979-80ರಿಂದ ರೈಲ್ವೆ ಕಾರ್ಮಿಕರಿಗೆ ಸಿಗತೊಡಗಿತು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದು ಮಂತ್ರಿಯಾದರು. 1979ರ ಜುಲೈಯಲ್ಲಿ ಮೊರಾರ್ಜಿ ದೇಸಾಯರ ಸರಕಾರವನ್ನು ಲೋಕಸಭೆಯಲ್ಲಿ ಬಲವಾಗಿ ಸಮರ್ಥಿಸಿ ಮಾತಾಡಿ, ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟು ಆಚೆಯ ಗುಂಪಿಗೆ ಹೋದರು. ಅವರನ್ನು ನಂಬಿದ್ದವರಿಗೆ ಆ ದಿನ ತಲೆ ತಗ್ಗಿಸುವಂತಾಯಿತು.

ಮತ್ತೆ 1989ರಲ್ಲಿ ರೈಲ್ವೆ ಮಂತ್ರಿಯಾದರು. ಕೊಂಕಣ ರೈಲು ಬೇಕೆಂಬುದು ಹಳೆಯ ಬೇಡಿಕೆ. ಹಣವಿಲ್ಲ ಎಂಬುದು ದಿಲ್ಲಿಯ ಹಳೆಯ ಉತ್ತರ. ರೈಲ್ವೆಯ ಬಜೆಟ್ಟಿಗೆ ಕಾಯುತ್ತ ಕೂರದೆ, 1990ರಲ್ಲಿ ಪ್ರತ್ಯೇಕ ಕಾರ್ಪೊರೇಶನ್ನನ್ನೇ ಸ್ಥಾಪಿಸಲಾಯಿತು. ಕೇಂದ್ರಕ್ಕೆ ಶೇಕಡಾ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾಕ್ಕೆ 6, ಕೇರಳಕ್ಕೆ 6 ಎಂದು ಪಾಲು ಹಂಚಿ, ಉಳಿದದ್ದನ್ನು ಜನರಿಂದ ಬಾಂಡು ಮೂಲಕ ಎತ್ತಿದರು. ಈ ರೈಲಿಗಾಗಿ ವರ್ಷಗಟ್ಟಲೆ ದನಿಯೆತ್ತಿದ್ದ ಮಧು ದಂಡವತೆಯವರು ಆಗ ಹಣಕಾಸಿನ ಮಂತ್ರಿಯಾಗಿದ್ದರು. ಕಟ್ಟುವ ಕೆಲಸವನ್ನು ಇ. ಶ್ರೀಧರನ್ ಅವರ ಕೈಗೆ ಒಪ್ಪಿಸಿದರು. 1998ರ ಜನವರಿ 26ರಂದು ರೋಹಾದಿಂದ ಮಂಗಳೂರಿನ ತನಕ 741 ಕಿಲೋಮೀಟರು ದಾರಿ ಪೂರ್ತಿ ತೆರೆಯಿತು. ಈ ದಿನ ಅವ್ವನಿಗೆ ಹುಷಾರಿಲ್ಲವೆಂದು ಸುದ್ದಿ ಬಂದರೆ ಕುಂದಾಪುರದ ಹುಡುಗ ರಾತ್ರಿ ಗಾಡಿ ಹತ್ತಿ ಮರುದಿನ ಮನೆ ಸೇರುತ್ತಾನೆ. ಕೆಲಸ ಮಾಡಿಸುವುದೆಂದರೆ ಇದು. ಇಲ್ಲಿ ಹಣದ ದಾರಿ ಹುಡುಕಿದರು, ರಾಜ್ಯಗಳನ್ನು ಕೂಡಿಸಿದರು, ತಕ್ಕ ಮನುಷ್ಯನನ್ನು ಕೂರಿಸಿದರು. ರೋಹಾದಲ್ಲಿ ಬರಿಯ ಭಾಷಣ ಮಾಡಿದ್ದರೆ ಒಂದು ಸ್ಲೀಪರೂ ಬೀಳುತ್ತಿರಲಿಲ್ಲ.

ಅವರ ಕೊನೆಯ ವರ್ಷಗಳ ಪಕ್ಷ ಬದಲಾವಣೆಗಳ ಬಗ್ಗೆ ನಮ್ಮ ಸಂಘದಲ್ಲೇ ಎರಡು ಅಭಿಪ್ರಾಯಗಳಿವೆ. ಅವರು 2019ರ ಜನವರಿ 29ರಂದು ತೀರಿಕೊಂಡಾಗ ಎರಡು ಅಭಿಪ್ರಾಯದವರೂ ಒಟ್ಟಿಗೆ ನಿಂತು ಮೌನ ಆಚರಿಸಿದೆವು. ನಾವು ಕಲಿಯಬೇಕಾದ ಪಾಠ ಬೇರೆ. ಮನುಷ್ಯನನ್ನು ಒಂದು ಸಲ ತೂಗಿ ಬಟ್ಟು ಎತ್ತಿಡಲಾಗದು. ಮುಷ್ಕರದ ಗೇಟಿನಲ್ಲಿ ಸಾವಿರ ಕಣ್ಣುಗಳು ನೋಡುತ್ತಿದ್ದಾಗ ಮುಖಂಡನ ಕಾಲು ಗಟ್ಟಿಯಾಗಿ ನಿಲ್ಲುತ್ತದೆ. ಆ ಕಣ್ಣುಗಳಿಂದ ದೂರ ಹೋದಷ್ಟೂ ದಾರಿ ತಪ್ಪುವ ಸಂಭವ ಹೆಚ್ಚು.

ಈಗ ಗಿರಣಿಯ ಮಾತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಹೊರಗೆ ನಿಂತರು. ಅವರಲ್ಲಿ ನಮ್ಮ ಕನ್ನಡಿಗರೂ ಇದ್ದರು. ಪಗಾರದ ಜೊತೆಗೆ ಒಂದು ಮುಖ್ಯ ಬೇಡಿಕೆಯೆಂದರೆ 1946ರ ಮುಂಬಯಿ ಔದ್ಯೋಗಿಕ ಸಂಬಂಧಗಳ ಕಾಯಿದೆ ಹೋಗಬೇಕೆಂಬುದು. ಕಾರ್ಮಿಕರಿಗೆ ಬೇಡವಾದ ಯೂನಿಯನ್ನಿಗೂ ಅವರ ಪರವಾಗಿ ಮಾತಾಡುವ ಏಕಮಾತ್ರ ಹಕ್ಕನ್ನು ಆ ಕಾಯಿದೆ ಕೊಟ್ಟಿತ್ತು. ಡಾಕ್ಟರ್ ದತ್ತಾ ಸಾಮಂತರು 1984ರ ಕಾಂಗ್ರೆಸ್ ಅಲೆಯಲ್ಲಿಯೂ ಪಕ್ಷೇತರರಾಗಿ ಲೋಕಸಭೆಗೆ ಗೆದ್ದು ಹೋದರು. ಕಾರ್ಮಿಕನ ವಿಶ್ವಾಸಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಕಾಯಿದೆ ರಾಜ್ಯದ್ದು. ಅದನ್ನು ಬದಲಿಸುವ ಮನೆ ಇದ್ದದ್ದು ಮುಂಬಯಿಯಲ್ಲಿ, ದಿಲ್ಲಿಯಲ್ಲಲ್ಲ. 288 ಸ್ಥಾನಗಳ ಈ ಮನೆಯಲ್ಲಿ ಹಾಜರಿದ್ದು ಮತ ಹಾಕುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೈ ಎತ್ತಿದರೆ ಮಾತ್ರ ಕಾಯಿದೆ ಬದಲಾಗುತ್ತದೆ. ಅಷ್ಟು ಕೈಗಳು ಸಾಮಂತರ ಕಡೆ ಇರಲಿಲ್ಲ. ಮುಷ್ಕರವನ್ನು ಹಿಂತೆಗೆದುಕೊಂಡೆವೆಂದು ಯಾರೂ ಹೇಳಲಿಲ್ಲ, ಗಿರಣಿಗಳು ಮಾತ್ರ ಒಂದೊಂದಾಗಿ ಹೋದವು. ಅವರ ನಿಷ್ಠೆಯನ್ನು ನಾವು ಹಳಿಯುವುದಿಲ್ಲ. ಯಾವ ಮನೆಗೆ ಯಾರನ್ನು ಕಳಿಸಿದರೆ ಯಾವ ಕೆಲಸವಾದೀತು ಎಂಬ ಲೆಕ್ಕವನ್ನು ಕಳಿಸುವ ನಾವೂ ಹಾಕಬೇಕಾಗಿತ್ತು ಎನ್ನುತ್ತೇವೆ.

ಆ ಬಳಿಕ ಗಿರಣಿಯ ನೆಲ ಉಳಿಯಿತು. 1991ರ ನಿಯಮ 58ರ ಪ್ರಕಾರ, ಮಾರಾಟಕ್ಕೆ ಅಥವಾ ಹೊಸ ಕಟ್ಟಡಕ್ಕೆ ಇಳಿಯುವ ಗಿರಣಿಯ ನೆಲದಲ್ಲಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಸಾಮಾನ್ಯರ ಮನೆಗಳಿಗೆ, ಒಂದು ಪಾಲು ಮಾಲಿಕರಿಗೆ ಎಂದು ಸ್ಥೂಲವಾಗಿ ಇತ್ತು. 2001ರಲ್ಲಿ ನಿಯಮ ತಿದ್ದಿದರು. ಕಟ್ಟಡವಿಲ್ಲದ ಖಾಲಿ ನೆಲ ಎಷ್ಟಿದೆಯೋ ಅಷ್ಟರಲ್ಲೇ ಪಾಲು ಹಾಕಬೇಕೆಂದಾಯಿತು. ಗಿರಣಿಯ ತುಂಬ ಷೆಡ್ಡುಗಳೇ; ಖಾಲಿ ನೆಲ ಎಲ್ಲಿಂದ ಬರಬೇಕು? 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂದು ವಾಕ್ಯದ ತಿದ್ದುಪಡಿಯಿಂದ ಮನೆಗಳಿಗೆ ಸಿಗಬಹುದಾಗಿದ್ದ ನೆಲ ಮಹಲುಗಳಿಗೆ ಹೋಯಿತು. ಈ ಕೆಲಸ ಮಾಡಿದವರು ಅಸಮರ್ಥರೇ? ಬಹಳ ಸಮರ್ಥರು. ಯಾರ ಕೆಲಸದಲ್ಲಿ ಸಮರ್ಥರೆಂಬುದೇ ಪ್ರಶ್ನೆ.

ಇನ್ನು ಹೊಟೇಲಿನ ಮಾತು. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಒಬ್ಬನೇ ಮಾಣಿ ಇರುವ ಚಹಾದಂಗಡಿಗೂ ಲಾಗುವಾಗಿತ್ತು. 2017ರಲ್ಲಿ ಮಹಾರಾಷ್ಟ್ರ ವಿಧಾನಮಂಡಲ ಅದನ್ನು ತೆಗೆದು ಹೊಸ ಕಾಯಿದೆ ತಂದಿತು. ಅದು ಆ ವರ್ಷದ ಡಿಸೆಂಬರ್ 19ರಿಂದ ಜಾರಿಗೆ ಬಂತು. ಅದರ ಮುಖ್ಯ ಕಲಮುಗಳು ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿಗೆ ಮಾತ್ರ ಎಂದಿತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲ ಈ ಹತ್ತನ್ನು ಇಪ್ಪತ್ತು ಮಾಡುವುದಕ್ಕೂ, ದಿನದ ಒಂಬತ್ತು ಗಂಟೆಯ ದುಡಿತವನ್ನು ಹತ್ತು ಗಂಟೆಗೆ ಏರಿಸುವುದಕ್ಕೂ ಒಪ್ಪಿಗೆ ಕೊಟ್ಟಿತು. ಹದಿನಾರು ಮಂದಿಯಿದ್ದ ನನ್ನ ಹಳೆಯ ಹೊಟೇಲಿನಲ್ಲಿ ಧಣಿ ಏಳು ಹೆಸರು ಅಳಿಸಬೇಕಾಗಿತ್ತು. ಇಪ್ಪತ್ತರ ಲೆಕ್ಕದಲ್ಲಿ ಧಣಿಗೆ ಅಳಿಸುವ ಶ್ರಮವೂ ಇಲ್ಲ, ಕಾಯಿದೆಯೇ ಅಳಿಸಿಕೊಡುತ್ತದೆ.

ಈಗ ಕೇಳಿಕೊಳ್ಳಿ: 2017ರಲ್ಲಿ ಈ ಕಾಯಿದೆ ಮೇಜಿನ ಮೇಲೆ ಬಂದ ದಿನ ನಮ್ಮ ಕ್ಷೇತ್ರದ ಶಾಸಕ ಎಲ್ಲಿದ್ದ? ಮಾತಾಡಿದನೇ? ತಿದ್ದುಪಡಿ ಸೂಚಿಸಿದನೇ? ಗಣಪತಿ ಮಂಡಲಿಗೆ ಅವನು ಕೊಟ್ಟ ದೇಣಿಗೆ ನಮ್ಮಲ್ಲಿ ಎಲ್ಲರಿಗೂ ನೆನಪಿದೆ. ಆ ದಿನದ ವಿಷಯ ಯಾರಿಗೂ ಗೊತ್ತಿಲ್ಲ. ಚರಂಡಿ, ನಳ್ಳಿ, ಬೀದಿದೀಪ ಬೇಡವೆಂದಲ್ಲ. ಅವು ಬಹುಮಟ್ಟಿಗೆ ಕಾರ್ಪೊರೇಶನ್ನಿನ ಕೆಲಸ. ಶಾಸಕನನ್ನು ನಾವು ಕಳಿಸುವುದು ಶಾಸನ ಮಾಡುವುದಕ್ಕೆ. ಆ ಕೆಲಸದಲ್ಲಿ ಅವನನ್ನು ಅಳೆಯದೆ, ಅವನು ತನ್ನ ನಿಧಿಯಿಂದ ಹಾಕಿಸಿದ ಬೆಂಚಿನಲ್ಲಿ ಅಳೆದರೆ ತಪ್ಪು ನಮ್ಮದು. ಆ ನಿಧಿಯೂ ನಮ್ಮದೇ ತೆರಿಗೆಯ ಹಣ.

ಇನ್ನೊಂದು ಮಾತು ಮರೆಯಬಾರದು. 1985ರ ಪಕ್ಷಾಂತರ ನಿಷೇಧ ಕಾಯಿದೆ ಬಂದ ಮೇಲೆ ಶಾಸಕನು ಪಕ್ಷದ ಹುಕುಂ ಮೀರಿ ಮತ ಹಾಕಿದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ಆದುದರಿಂದ ಮನುಷ್ಯ ಒಳ್ಳೆಯವನೆಂದರೆ ಸಾಲದು, ಅವನ ಪಕ್ಷ ನಮ್ಮ ವಿಷಯದಲ್ಲಿ ಏನು ಮಾಡಿದೆ ಎಂಬುದನ್ನೂ ನೋಡಬೇಕು. ಪಕ್ಷವೂ ಒಡೆಯುತ್ತದೆ. 2022ರಲ್ಲಿ ಒಂದು, 2023ರಲ್ಲಿ ಇನ್ನೊಂದು ಈ ರಾಜ್ಯದಲ್ಲಿ ಇಬ್ಭಾಗವಾದುದನ್ನು ಕಂಡೆವು. ಒಂದು ಚಿಹ್ನೆಗೆ ಒತ್ತಿದ ವೋಟು ಇನ್ನೊಂದು ಕಡೆ ಹೋಗಿ ಕೂತಿತು. ಒಡೆದಾಗ ಯಾವ ಕಾರಣ ಹೇಳಿ ಹೋದ, ಹೋದ ಮೇಲೆ ಆ ಕಾರಣದಂತೆ ನಡೆದನೇ ಎಂಬುದೂ ಲೆಕ್ಕಕ್ಕೆ ಬರಬೇಕು.

"ನಮ್ಮವನು" ಎಂಬ ಮಾತಿಗೂ ಒಂದು ಎಚ್ಚರಿಕೆ. ಉಮೇದುವಾರ ತುಳುವಿನಲ್ಲಿ ಮಾತಾಡಿಸಿದ, ಕುಂದಗನ್ನಡದಲ್ಲಿ ಊರ ಜಾತ್ರೆ ವಿಚಾರಿಸಿದ ಎಂದರೆ ನಮ್ಮ ಮನಸ್ಸು ಕರಗುತ್ತದೆ. ದೂರದೂರಿನಲ್ಲಿ ದುಡಿಯುವವನಿಗೆ ಅದು ಸಹಜ. ಆದರೆ ಗಲ್ಲೆಯಲ್ಲಿ ಕೂತವನೂ ಮೋರಿಯಲ್ಲಿ ನಿಂತವನೂ ಒಂದೇ ಊರಿನವರು, ಒಂದೇ ಮಾತಿನವರು ಎಂಬುದು ಹೊಟೇಲಿನಲ್ಲಿ ದುಡಿದ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಭಾಷೆ ಒಂದಾದ ಮಾತ್ರಕ್ಕೆ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಬರಲಿಲ್ಲ. ಬೇರೆ ಭಾಷೆಯ ವಕೀಲರೊಬ್ಬರು ಕೊನೆಗೆ ನನ್ನ ಅರ್ಜಿ ಬರೆದುಕೊಟ್ಟರು.

ಹಾಗಾದರೆ ತೂಗುವುದು ಹೇಗೆ? ನಮ್ಮ ಅಭಿಪ್ರಾಯ ಇಷ್ಟು. ತತ್ತ್ವ ಮತ್ತು ಕೆಲಸ ಎರಡು ಬೇರೆ ಸಾಮಾನುಗಳೆಂದು ತಿಳಿಯುವುದೇ ಮೋಸ. ತತ್ತ್ವವೆಂದರೆ ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ. ಸಾಮರ್ಥ್ಯವೆಂದರೆ ಹೇಗೆ ಎಂಬ ಪ್ರಶ್ನೆಗೆ ಉತ್ತರ. ಎರಡನ್ನೂ ಒಬ್ಬನಲ್ಲೇ ಹುಡುಕಬೇಕು. ಎರಡೂ ಸಮನಾಗಿ ಸಿಗದಿದ್ದರೆ, ನಮ್ಮ ಕಡೆ ನಿಂತು ಕೆಲಸ ಕಲಿಯಬಲ್ಲವನನ್ನು ಆರಿಸಬಹುದು. ಕೆಲಸ ಬಲ್ಲವನಾಗಿ ಆಚೆ ಕಡೆ ನಿಂತವನನ್ನು ಈಚೆ ಎಳೆಯುವುದು ಬಲು ಕಷ್ಟ. ಆದರೆ ಕಲಿಯಬಲ್ಲವನು ಎಂಬ ಮಾತಿಗೆ ಗೆರೆ ಎಳೆಯಿರಿ. ಹತ್ತು ವರ್ಷ ವೇದಿಕೆಯಲ್ಲಿ ನಿಂತೂ ಒಂದು ಫಾರಮು ತುಂಬಲು ಕಲಿಯದವನಿಗೆ ತತ್ತ್ವವೂ ಒಂದು ಅಲಂಕಾರವೇ.

ಉಮೇದುವಾರ ಬಾಗಿಲಿಗೆ ಬಂದಾಗ ಈ ನಾಲ್ಕನ್ನು ಕೇಳಿ. ಹಿಂದೆ ನಮ್ಮಂಥವರಿಗಾಗಿ ಮಾಡಿದ ಒಂದು ಕೆಲಸವನ್ನು ಊರು, ವರ್ಷ ಸಹಿತ ಹೇಳಲಿ. ಧಣಿಗೂ ಕೆಲಸಗಾರನಿಗೂ ಜಗಳ ಬಿದ್ದಾಗ ಎಲ್ಲಿ ನಿಂತಿದ್ದ ಎಂಬುದನ್ನು ಹೇಳಲಿ. ಸಣ್ಣ ಹೊಟೇಲಿನ ಕೆಲಸಗಾರನನ್ನು ಕಾಯಿದೆಯೊಳಗೆ ಮರಳಿ ತರಲು ಏನು ಮಾಡುವೆ, ಯಾರನ್ನು ಜೊತೆಗೆ ಕೂಡಿಸಿಕೊಳ್ಳುವೆ ಎಂಬುದಕ್ಕೆ ಉತ್ತರ ಕೊಡಲಿ. ಗೆದ್ದ ಮೇಲೆ ವರ್ಷಕ್ಕೊಮ್ಮೆ ನಮ್ಮ ಸಭೆಗೆ ಬಂದು ಲೆಕ್ಕ ಒಪ್ಪಿಸುತ್ತೇನೆಂದು ಬರೆದುಕೊಡಲಿ. ಇದರ ಜೊತೆಗೆ ಅವನ ಪ್ರಮಾಣಪತ್ರ ಓದಿ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ಫಲವಾಗಿ ಪ್ರತಿಯೊಬ್ಬ ಉಮೇದುವಾರನೂ ತನ್ನ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ಓದು ಎಲ್ಲವನ್ನೂ ಬರೆದು ಕೊಡಲೇಬೇಕು. ಓದಲು ಬಾರದ ಗೆಳೆಯನಿಗೆ ಓದಿ ಹೇಳಿ.

ಕೊನೆಗೆ ಅತಿ ಮುಖ್ಯವಾದ ಮಾತು. ನಮ್ಮಲ್ಲಿ ಅರ್ಧಕ್ಕರ್ಧ ಮಂದಿಯ ಹೆಸರು ಈ ಶಹರದ ಮತದಾರರ ಪಟ್ಟಿಯಲ್ಲೇ ಇಲ್ಲ. ಹೊಟೇಲಿನಲ್ಲೇ ಮಲಗುತ್ತೇವೆ, ಹೊಟೇಲು ಬದಲಿಸುತ್ತೇವೆ. ಹೆಸರು ಊರಿನಲ್ಲಿ ಉಳಿದಿರುತ್ತದೆ. ಯಾರ ಹೆಸರು ಪಟ್ಟಿಯಲ್ಲಿಲ್ಲವೋ ಅವನ ಕಷ್ಟ ಯಾವ ಉಮೇದುವಾರನ ಡೈರಿಯಲ್ಲೂ ಇರುವುದಿಲ್ಲ. ಹೊಸದಾಗಿ ಸೇರಲು ಫಾರಮು 6, ಊರಿನಿಂದ ಇಲ್ಲಿಗೆ ಬದಲಿಸಲು ಫಾರಮು 8. ಸಂಘದ ಕಚೇರಿಯಲ್ಲಿ ಕೂತು ತುಂಬಿಕೊಡುತ್ತೇವೆ. ಮತದಾನದ ದಿನ ಪಗಾರ ಸಹಿತ ರಜೆ ಕೊಡಬೇಕೆಂದು 1951ರ ಜನಪ್ರಾತಿನಿಧ್ಯ ಕಾಯಿದೆಯ 135ಬಿ ಕಲಮು ಹೇಳುತ್ತದೆ. ಅದು ಧಣಿಯ ದಯೆಯಲ್ಲ, ನಮ್ಮ ಹಕ್ಕು. ಕೊಡದಿದ್ದರೆ ನಮಗೆ ತಿಳಿಸಿ.

ನಮ್ಮ ಸಂಘವು ಮುಂದಿನ ಚುನಾವಣೆಯಲ್ಲಿ ಎಲ್ಲ ಪಕ್ಷಗಳ ಉಮೇದುವಾರರಿಗೂ ಈ ನಾಲ್ಕು ಪ್ರಶ್ನೆಗಳನ್ನು ಕಳಿಸಲಿದೆ. ಬಂದ ಉತ್ತರಗಳನ್ನು ಒಂದಕ್ಷರ ಬದಲಿಸದೆ ಇಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಕೊಡದವರ ಹೆಸರಿನ ಮುಂದೆ ಜಾಗ ಖಾಲಿ ಬಿಡುತ್ತೇವೆ. ಗೆದ್ದವರ ಉತ್ತರವನ್ನು ಒಂದು ವರ್ಷದ ನಂತರ ಮತ್ತೆ ಅಚ್ಚು ಹಾಕಿ, ಪಕ್ಕದಲ್ಲಿ ನಡೆದದ್ದನ್ನು ಬರೆಯುತ್ತೇವೆ. ಬಾಂಧವರೇ, ಆ ಎರಡನೆಯ ಸಲದ ಓದುವಿಕೆಗೂ ನೀವು ಇಷ್ಟೇ ಮಂದಿ ಬರಬೇಕು.